ಮಾನ್ವಿಯವಳ ಕಂಪ್ಯೂಟರು

ನನಗಿಂತ ಮೊದಲು ಕಂಪ್ಯೂಟರ್ ಮುಟ್ಟಿದವಳು ಮಾನ್ವಿಯವಳು. ಇಷ್ಟು ವರ್ಷಗಳಾದ ಮೇಲೂ ಈ ಮಾತನ್ನು ನಾನು ಸಮಾಧಾನದಿಂದ ಹೇಳಲಾರೆ.

ಎಪ್ಪತ್ತರ ದಶಕದ ನಡುವಿನ ವರ್ಷಗಳು. ರಾಯಚೂರಿನ ತೀನ್ ಕಂದೀಲು ಎಂಬ ವೃತ್ತದ ಹತ್ತಿರ, ಬಟ್ಟೆ ಅಂಗಡಿಯೊಂದರ ಮೇಲಿನ ಮಾಳಿಗೆಯಲ್ಲಿ ಟೈಪಿಂಗ್ ಕಲಿಸುತ್ತಿದ್ದರು. ನಾನು ದೇವದುರ್ಗದವಳು. ಮೆಟ್ರಿಕ್ ಪಾಸಾದ ಮೇಲೆ, ರಾಯಚೂರಿನ ಅಕ್ಕಿ ಗಿರಣಿಯಲ್ಲಿ ಕೆಲಸಕ್ಕಿದ್ದ ಸೋದರಮಾವನ ಮನೆಯಲ್ಲಿ ಉಳಿದು ಅಲ್ಲಿಗೆ ಹೋಗುತ್ತಿದ್ದೆ. ಅವಳು ಮಾನ್ವಿಯಿಂದ ದಿನಾ ಬೆಳಗಿನ ಬಸ್ಸಿಗೆ ಬರುತ್ತಿದ್ದಳು. ಅವಳ ಅಪ್ಪ ಊರಿನಲ್ಲಿ ದರ್ಜಿ. ನಮ್ಮ ಮಾಸ್ತರರು ಮನೆಯಲ್ಲಿ ದಖನಿ ಉರ್ದು ಮಾತಾಡುವವರು. ದವಡೆಯಲ್ಲಿ ಸದಾ ಒಂದು ಲವಂಗ ಇರುತ್ತಿತ್ತು. ಹುಡುಗಿಯರ ಹೆಸರು ಅವರಿಗೆ ನೆನಪು ಉಳಿಯುತ್ತಿರಲಿಲ್ಲ. ಊರಿನ ಹೆಸರು ಹಿಡಿದೇ ಕರೆಯುತ್ತಿದ್ದರು. ಹಾಗೆ ನಾನು ‘ದೇವದುರ್ಗ’ ಆದೆ, ಅವಳು ‘ಮಾನ್ವಿ’ ಆದಳು. ಮುಂದೆ ನಾವಿಬ್ಬರೂ ಒಬ್ಬರನ್ನೊಬ್ಬರು ಕರೆದದ್ದೂ ಹಾಗೆಯೇ.

ವೇಗದಲ್ಲಿ ನನ್ನನ್ನು ಹಿಡಿಯುವವರು ಆ ಮಾಳಿಗೆಯಲ್ಲಿ ಯಾರೂ ಇರಲಿಲ್ಲ. ನಾನು ಟೈಪ್ ಮಾಡಲು ಕೂತರೆ ಕೆಳಗಿನ ಅಂಗಡಿಯವರು ತಲೆ ಎತ್ತಿ ನೋಡುತ್ತಿದ್ದರಂತೆ. ಮಾನ್ವಿ ನಿಧಾನದವಳು. ಒಂದೊಂದು ಅಕ್ಷರವನ್ನೂ ಸೂಜಿಗೆ ದಾರ ಪೋಣಿಸುವಂತೆ ನೋಡಿ ಒತ್ತುತ್ತಿದ್ದಳು. ಅವಳು ಅರ್ಧ ಪುಟ ಮುಗಿಸುವಷ್ಟರಲ್ಲಿ ನಾನು ಮುಗಿಸಿ, ರಬ್ಬರ್ ಹಿಡಿದು ತಪ್ಪು ಅಳಿಸುತ್ತ, ಅವಳ ಕಡೆ ನೋಡುತ್ತ ಕೂತಿರುತ್ತಿದ್ದೆ.

“ದೇವದುರ್ಗ, ನಿನ್ ಕೈ ಭಾಳ ಜಲ್ದಿ ಓಡ್ತಾವ ಬೇಟಾ,” ಎನ್ನುತ್ತಿದ್ದರು ಮಾಸ್ತರರು. “ಆದ್ರ ನಿನ್ ರಬ್ಬರ್ ಸೈತ ಅಷ್ಟೇ ಜಲ್ದಿ ಓಡಾಕತ್ತದ.”

ಎಲ್ಲರೂ ನಗುತ್ತಿದ್ದರು. ನಾನೂ ನಗುತ್ತಿದ್ದೆ. ವೇಗ ನನ್ನದು, ತಪ್ಪು ರಬ್ಬರಿನದು ಎಂದು ನನ್ನ ಲೆಕ್ಕ.

ಒಂದು ದಿನ ಮಾಸ್ತರರು ಉರ್ದು ಪತ್ರಿಕೆಯೊಂದನ್ನು ಹಿಡಿದು ಬಂದರು. ಹೈದರಾಬಾದಿನ ಯಾವುದೋ ಕಚೇರಿಗೆ ಟೈಪಿಂಗ್ ಬಲ್ಲ ಹುಡುಗಿಯರು ಬೇಕಾಗಿದ್ದರು. ಕಂಪ್ಯೂಟರ್ ಎಂಬ ಯಂತ್ರವಿದೆಯಂತೆ, ಅದು ಓದುವ ಕಾರ್ಡುಗಳಿಗೆ ತೂತು ಹೊಡೆಯುವ ಕೆಲಸವಂತೆ. ನಮ್ಮಿಬ್ಬರನ್ನೂ ಕಳಿಸಬೇಕೆಂದು ಮಾಸ್ತರರಿಗೆ ಆಸೆ. ಮಾವನ ಮನೆಗೆ ತಾವೇ ಬಂದು ಕೇಳಿದರು.

“ತೂತು ಹೊಡಿಯಾಕ ಟೈಪಿಂಗ್ ಯಾಕ ಬೇಕ್ರಿ ಮಾಸ್ತರ?” ಎಂದ ಮಾವ. “ಮನ್ಯಾಗ ಮೊಳಿ ಅದಾವ, ಸುತ್ತಿಗಿ ಅದ.”

“ಹಂಗಲ್ರಿ, ಹೊಸ ಕಾಲದ ನೌಕರಿ ಅದು. ನಮ್ ತಂಗಿ ಮನಿ ಅಲ್ಲೇ ಅದ. ನನ್ ಮಕ್ಕಳ್ನ ಕರ್ಕೊಂಡು ಹೋದಂಗ ಹೋಗಿ ಬರ್ತೀನ್ರಿ.”

ಆ ಮಾತಿಗೆ ಮಾವ ಒಪ್ಪಿದ. ವಾಡಿ ಜಂಕ್ಷನ್ನಿನಲ್ಲಿ ರೈಲು ಬದಲಿಸಿ ಹೋದೆವು. ಮಾಸ್ತರರ ತಂಗಿ ನಮಗೆ ಖಿಚಡಿ, ಹುಳಿ ಸಾರು ಮಾಡಿ ಬಡಿಸಿದರು. ಮರುದಿನ ಕಚೇರಿಗೆ ಹೋದರೆ ಬಾಗಿಲಲ್ಲೇ ಚಪ್ಪಲಿ ಬಿಡಿಸಿದರು. ಒಳಗೆ ಗಾಜಿನ ಗೋಡೆ, ಅದರಾಚೆ ಸಾಲಾಗಿ ನಿಂತ ಕಬ್ಬಿಣದ ಬೀರುಗಳು. ಕೆಲವು ಬೀರುಗಳ ಎದೆಯಲ್ಲಿ ದೊಡ್ಡ ಚಕ್ರಗಳು ಸ್ವಲ್ಪ ತಿರುಗುವುದು, ನಿಲ್ಲುವುದು, ಮತ್ತೆ ತಿರುಗುವುದು. ಅದೇ ಕಂಪ್ಯೂಟರ್ ಎಂದರು. ಮನುಷ್ಯರಿಗೆ ಫ್ಯಾನ್ ಇಲ್ಲದ ಕಾಲದಲ್ಲಿ ಆ ಬೀರುಗಳಿಗೆ ತಣ್ಣನೆ ಗಾಳಿ ಹಾಕಿಟ್ಟಿದ್ದರು. ಮಾನ್ವಿ ನನ್ನ ಕೈ ಹಿಡಿದುಕೊಂಡಳು. ಅವಳ ಅಂಗೈ ಬೆವೆತಿತ್ತು. ಪಾಪ, ಇವಳಿಗೆ ಸಿಗಲಿಕ್ಕಿಲ್ಲ ಎಂದು ನನಗೆ ಮರುಕವಾಯಿತು. ಅವಳ ಬಗ್ಗೆ ನನಗೆ ಬಂದ ಕೊನೆಯ ಮರುಕ ಅದೇ ಇರಬೇಕು.

ಪರೀಕ್ಷೆ ನಡೆದದ್ದು ಪಕ್ಕದ ಕೋಣೆಯಲ್ಲಿ. ಟೈಪ್‌ರೈಟರನ್ನು ಮೇಜಿಗೇ ಬೆಸೆದಂಥ ಯಂತ್ರಗಳು. ಒಂದು ಕೀ ಒತ್ತಿದರೆ ದಪ್ಪ ಕಾಗದದ ಕಾರ್ಡಿಗೆ ‘ಟಕ್’ ಎಂದು ತೂತು ಬೀಳುತ್ತದೆ. ಎಲ್ಲ ಯಂತ್ರಗಳೂ ಒಟ್ಟಿಗೆ ಶುರುವಾದರೆ ರಾಯಚೂರಿನ ಹತ್ತಿ ಗಿರಣಿಯಲ್ಲಿ ನಿಂತಂತೆ ಸದ್ದು. ಹಾಳೆಯ ತುಂಬ ಬರೀ ಅಂಕಿಗಳನ್ನು ಕೊಟ್ಟರು. ನಾನು ಎಲ್ಲರಿಗಿಂತ ಮೊದಲು ಮುಗಿಸಿ, ಕೈಕಟ್ಟಿ ಕೂತು, ಕೋಣೆಯನ್ನೆಲ್ಲ ಒಮ್ಮೆ ನೋಡಿದೆ. ಮಾನ್ವಿ ಇನ್ನೂ ಮೊದಲ ಹಾಳೆಯಲ್ಲೇ ಇದ್ದಳು.

ಆಮೇಲೆ ನಮ್ಮ ಕಾರ್ಡುಗಳನ್ನು ಇನ್ನೊಂದು ಯಂತ್ರಕ್ಕೆ ಹಾಕಿದರು. ಅಲ್ಲಿ ಇನ್ನೊಬ್ಬ ಹುಡುಗಿ ಅದೇ ಅಂಕಿಗಳನ್ನು ಮತ್ತೆ ಒತ್ತುತ್ತಾಳೆ. ಎಲ್ಲಿ ತಾಳೆಯಾಗುವುದಿಲ್ಲವೋ ಅಲ್ಲಿ ಕೆಂಪು ದೀಪ ಹತ್ತುತ್ತದೆ. ನನ್ನ ಕಾರ್ಡುಗಳಿಗೆ ಆ ದೀಪ ಹತ್ತಿ ಹತ್ತಿ ಆರಿತು. ಮಾನ್ವಿಯ ಕಾರ್ಡುಗಳು ಒಳಗೆ ಹೋದದ್ದೂ ಗೊತ್ತಾಗಲಿಲ್ಲ, ಹೊರಗೆ ಬಂದದ್ದೂ ಗೊತ್ತಾಗಲಿಲ್ಲ.

“ಅಳಸಾಕ ಏನರ ಕೊಡ್ರಿ, ಸರಿ ಮಾಡ್ತೀನಿ,” ಎಂದೆ, ಅಲ್ಲಿದ್ದ ಮುಖ್ಯ ಹೆಂಗಸಿಗೆ.

ಆಕೆ ತೆಲುಗು ಬೆರೆತ ಕನ್ನಡದಲ್ಲಿ, ಮೃದುವಾಗಿಯೇ ಹೇಳಿದರು: “ತೂತು ಅಳಿಸೋಕೆ ಆಗಲ್ಲಮ್ಮಾ.”

ಮಾನ್ವಿಗೆ ನೌಕರಿ ಸಿಕ್ಕಿತು. ಬರುವಾಗ ಗಾಡಿಯಲ್ಲಿ ಮಾಸ್ತರರು ಇಬ್ಬರಿಗೂ ಪೇರಲ ಹಣ್ಣು ಕೊಡಿಸಿದರು. ನಾನು ತಿನ್ನದೆ, ನಿದ್ದೆ ಬಂದವರಂತೆ ಕಣ್ಣು ಮುಚ್ಚಿಕೊಂಡು ವಾಡಿಯ ತನಕ ಬಂದೆ. ಅವಳು ನನ್ನ ತಲೆ ಕಿಟಕಿಗೆ ಬಡಿಯದಿರಲೆಂದು ತನ್ನ ಸೆರಗು ಮಡಚಿ ಇಟ್ಟಳು. ಅದು ನನ್ನನ್ನು ಇನ್ನೂ ಹೆಚ್ಚು ಉರಿಸಿತು.

ನನಗೆ ಮುಂದಿನ ವರ್ಷ ದೇವದುರ್ಗದಲ್ಲೇ, ಒಂದು ಸರ್ಕಾರಿ ಕಚೇರಿಯಲ್ಲಿ ಟೈಪಿಸ್ಟ್ ಕೆಲಸವಾಯಿತು. ಊರಿನಲ್ಲೇ ನೌಕರಿ, ಅವ್ವನ ಕೈಯ ರೊಟ್ಟಿ. ಬೇರೆಯವರಾದರೆ ಸಂತೋಷಪಡುತ್ತಿದ್ದರು. ಆದರೆ ಮಾನ್ವಿ ರಜೆಗೆ ಬಂದಾಗಲೆಲ್ಲ ನಮ್ಮ ಮನೆಗೊಮ್ಮೆ ಬಂದೇ ಹೋಗುತ್ತಿದ್ದಳು, ಬಂದಾಗಲೆಲ್ಲ ಏನಾದರೂ ಒಂದನ್ನು ಬಿಟ್ಟು ಹೋಗುತ್ತಿದ್ದಳು. ಒಮ್ಮೆ ಹಾಳಾದ ಕಾರ್ಡುಗಳ ಒಂದು ಕಟ್ಟು ತಂದಿದ್ದಳು. ಅವಳಪ್ಪ ಆ ಕಾರ್ಡುಗಳಿಗೆ ಬಣ್ಣ ಬಣ್ಣದ ದಾರ ಸುತ್ತಿ ಇಟ್ಟುಕೊಳ್ಳುತ್ತಾರಂತೆ. ನಾನು ಒಂದು ಕಾರ್ಡನ್ನು ಬೆಳಕಿಗೆ ಹಿಡಿದು, ಯಾರೂ ಇಲ್ಲದಾಗ ತೂತುಗಳ ಮೇಲೆ ಬೆರಳಾಡಿಸಿದೆ. ಅಂಚುಗಳು ಎಷ್ಟು ಚೊಕ್ಕ ಇದ್ದವು!

ಇನ್ನೊಮ್ಮೆ ಅವಳು ಅವ್ವನಿಗೆ ಹೇಳಿದ ಮಾತು ನನ್ನನ್ನು ವರ್ಷಗಟ್ಟಲೆ ಕಾಡಿತು. “ಯವ್ವಾ, ಬ್ಯಾಸಿಗ್ಯಾಗ ಸೈತ ನಾವು ಸ್ವೆಟರ್ ಹಾಕ್ಕೊಂಡು ಕೂಡ್ತೀವಿ. ಮಶೀನಿಗಿ ಅಷ್ಟು ಥಂಡಿ ಬೇಕು.”

ನಮ್ಮ ಕಡೆಯ ಬೇಸಿಗೆ ಬಲ್ಲವರಿಗೆ ಈ ಮಾತಿನ ಪೆಟ್ಟು ತಿಳಿಯುತ್ತದೆ. ನಮ್ಮ ಕಚೇರಿಯಲ್ಲಿ ಕರೆಂಟ್ ಹೋದರೆ ಬೆವರು ಟೈಪ್‌ರೈಟರಿನ ಮೇಲೇ ತೊಟ್ಟಿಕ್ಕುತ್ತಿತ್ತು. ಕಾರ್ಬನ್ ಕಾಗದ ಕೈಗೆ ಅಂಟಿಕೊಳ್ಳುತ್ತಿತ್ತು. ಅವ್ವ ಓಣಿಯಲ್ಲಿ ಸಿಕ್ಕ ಸಿಕ್ಕವರಿಗೆ ಹೇಳಿದಳು. “ಮಾನ್ವಿ ಹುಡುಗಿ ಬ್ಯಾಸಿಗ್ಯಾಗ ಸ್ವೆಟರ್ ಹಾಕೋತಾಳಂತ ನೋಡ್ರಿ!” ನಾನು ಬೆವರು ಒರೆಸುತ್ತ ಮನೆಗೆ ಬಂದಾಗಲೂ ಅದೇ ಮಾತು.

“ನಿನ್ ಮಶೀನ್ ಅಷ್ಟು ಥಂಡ್ಯಾಗ ಕೂತು ಏನ್ ಮಾಡ್ತದಬೇ?” ಎಂದು ಒಮ್ಮೆ ಅವಳನ್ನೇ ಕೇಳಿದೆ.

“ಎಣಸ್ತದ.”

“ಏನ್ ಎಣಸ್ತದ?”

“ಒಮ್ಮೆ ಜನ. ಒಮ್ಮೆ ಎತ್ತು, ಎಮ್ಮಿ. ಒಮ್ಮೆ ಪರೀಕ್ಷಾ ಬರೆದ ಹುಡುಗರ ಮಾರ್ಕ್ಸು. ನಮಗ ಅಂಕಿ ಅಷ್ಟೇ ಕಾಣ್ತಾವ, ಯಾವ ಅಂಕಿ ಎಮ್ಮಿ, ಯಾವುದು ಮನಶ್ಯಾ ಅಂತ ಯಾರೂ ಹೇಳಂಗಿಲ್ಲ.”

“ಎಣಸಾಕ ನಮ್ಮ ಗುಮಾಸ್ತರು ಸಾಲಂಗಿಲ್ಲೇನು?”

“ಸಾಲಂಗಿಲ್ಲ,” ಎಂದಳು, ಅಷ್ಟೇ. ವಾದಕ್ಕೂ ಬರುತ್ತಿರಲಿಲ್ಲ ಅವಳು.

ಎಂಬತ್ತರ ದಶಕ ಬಂತು. ಪರೀಕ್ಷೆಯ ಅಂಕಪಟ್ಟಿಗಳು ಕಂಪ್ಯೂಟರಿನಲ್ಲಿ ಅಚ್ಚಾಗಿ ಬರತೊಡಗಿದವು. ಚುಕ್ಕಿ ಚುಕ್ಕಿಯ ಅಕ್ಷರ. ನಮ್ಮ ಓಣಿಯ ಒಬ್ಬ ಹುಡುಗನ ಅಂಕಪಟ್ಟಿಯಲ್ಲಿ ಅವನನ್ನು ಹುಡುಗಿ ಎಂದು ಅಚ್ಚು ಮಾಡಿದ್ದರು. ಅವನ ಮನೆಯವರಿಗೆ ಚಿಂತೆ, ನನಗೆ ಹಬ್ಬ. ಸರಿಪಡಿಸಲು ಅರ್ಜಿ ಟೈಪ್ ಮಾಡಿಕೊಡು ಎಂದು ಬಂದಾಗ ಎಷ್ಟು ಪ್ರೀತಿಯಿಂದ ಮಾಡಿಕೊಟ್ಟೆನೆಂದರೆ, ಅದರಲ್ಲಿ ಒಂದು ತಪ್ಪೂ ಇರಲಿಲ್ಲ. “ನೋಡವ್ವಾ, ಸ್ವೆಟರ್ ಹಾಕ್ಕೊಂಡು ಕೂತವರ ಕೆಲಸ,” ಎಂದು ಮನೆಯಲ್ಲಿ ಹೇಳಿದೆ.

“ಅದು ಮಶೀನಿನ ತಪ್ಪು. ಆಕಿದೇನು ತಪ್ಪು?” ಎಂದಳು ಅವ್ವ.

ಆಮೇಲೆ ಕೆಲವು ವರ್ಷಗಳ ಮೇಲೆ ರಾಯಚೂರು ಬಸ್ ನಿಲ್ದಾಣದಲ್ಲಿ ಮಾನ್ವಿ ಸಿಕ್ಕಳು. ಮದುವೆಯಾಗಿತ್ತು, ಗಂಡನಿಗೆ ರಾಯಚೂರಿಗೆ ವರ್ಗವಾಗಿತ್ತು. ಕೈಯಲ್ಲಿ ಬದನೆಕಾಯಿ ತುಂಬಿದ ಚೀಲ. ಬಳೆ, ಕುಂಕುಮ ಎಲ್ಲ ಇದ್ದರೂ ಮುಖ ಬಾಡಿತ್ತು.

“ನೌಕರಿ?” ಎಂದೆ.

“ಕಾರ್ಡ್ ಬಂದ್ ಆದ್ವು. ಈಗ ಟೀವಿಯಂಗ ಒಂದು ಪರದೆ ಬಂದದ, ಅದರ ಮ್ಯಾಲೇ ನೇರ ಬರೀತಾರ. ತೂತಿನ ಮಶೀನ್ ಎಲ್ಲಾ ಗುಜರಿಗಿ ಹೋದ್ವು. ಸ್ವಲ್ಪ ದಿನ ನಾನೂ ಪರದೆ ಮ್ಯಾಲೆ ಕಲಿತೆ. ಅಷ್ಟರಾಗ ಇವರಿಗಿ ವರ್ಗ ಆತು, ಬಿಟ್ಟು ಬಂದೆ. ಈಗ ಮನ್ಯಾಗ ಅದೀನಿ.”

“ಭಾಳ ಕೆಟ್ಟ ಆತಲ್ಲಬೇ,” ಎಂದೆ. ಬಾಯಿ ಹಾಗೆ ಹೇಳಿತು. ಒಳಗೆ ತಂಗಾಳಿ ಬೀಸಿದಂತೆ ಹಾಯೆನಿಸಿತು. ದೇವದುರ್ಗದ ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗವೂ ಸಿಕ್ಕಿತು. ದಾರಿಯುದ್ದಕ್ಕೂ ಹೊಲಗಳು ಚೆಂದ ಕಂಡವು.

ಆ ನೆಮ್ಮದಿ ಹೆಚ್ಚು ಕಾಲ ಉಳಿಯಲಿಲ್ಲ. ರಾಯಚೂರಿನ ಒಂದು ದೊಡ್ಡ ಕಚೇರಿಗೆ ಕಂಪ್ಯೂಟರ್ ಬಂತು. ಈಗ ಬೀರುಗಳಿಲ್ಲ, ಮೇಜಿನ ಮೇಲೆ ಕೂರುವ ಡಬ್ಬಿ, ಅದರ ಮೇಲೊಂದು ಪರದೆ. ಜಿಲ್ಲೆಯ ಪ್ರತಿ ಹಳ್ಳಿಯ ಬೋರ್‌ವೆಲ್, ಶಾಲೆ, ದವಾಖಾನೆಗಳ ವಿವರ ಅದರೊಳಗೆ ತುಂಬಬೇಕಿತ್ತು. ತಾಲ್ಲೂಕುಗಳಿಂದ ಒಬ್ಬೊಬ್ಬ ಟೈಪಿಸ್ಟರನ್ನು ಕಲಿಯಲು ಕಳಿಸಿ ಎಂದು ಆದೇಶ ಬಂದಾಗ ದೇವದುರ್ಗದಿಂದ ನನ್ನ ಹೆಸರು ಹೋಯಿತು. ನಾನು ಹೊಸ ಸೀರೆ ಉಟ್ಟು ಹೊರಟೆ. ಈ ಸಲ ನಾನೇ ಮೊದಲು, ಅವಳು ಮನೆಯಲ್ಲಿ ಬದನೆಕಾಯಿ ಹೆಚ್ಚುತ್ತಿರಲಿ ಎಂದು ಬಸ್ಸಿನಲ್ಲಿ ನಗು ಬಂತು.

ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಹೋದೆ. ಪರದೆಯ ಪಕ್ಕದಲ್ಲಿ ನಿಂತವಳು ಮಾನ್ವಿ.

ಊರಿನಲ್ಲಿ ಕಂಪ್ಯೂಟರ್ ಕಂಡವರು ಬೇರೆ ಯಾರೂ ಇಲ್ಲವೆಂದು ಅವಳನ್ನು ತಾತ್ಕಾಲಿಕವಾಗಿ ಕರೆದಿದ್ದರಂತೆ. ನನ್ನನ್ನು ನೋಡಿ ಅವಳ ಮುಖ ಅರಳಿತು. ಆದರೆ ಆ ಕಚೇರಿಯ ಸಾಹೇಬರು ಅಲ್ಲೇ ಇದ್ದರಲ್ಲ, “ಬರ್ರಿ, ಬರ್ರಿ ಮೇಡಂ, ಕೂಡ್ರಿ,” ಎಂದಳು. ಆ ‘ರ್ರಿ’ ನನಗೆ ಚುಚ್ಚಿದಷ್ಟು ಯಾವ ಬೈಗುಳವೂ ಚುಚ್ಚಿಲ್ಲ.

ಪಾಠ ಶುರುವಾಯಿತು. “ತಪ್ಪಾದ್ರ ಹೆದರಬ್ಯಾಡ್ರಿ. ಈ ಕೀ ಒತ್ತ್ರಿ, ಅಳಿಸಿ ಹೋಗ್ತದ,” ಎಂದಳು. ಒತ್ತಿದೆ. ಅಕ್ಷರ ಗುರುತೂ ಇಲ್ಲದೆ ಹೋಯಿತು. ರಬ್ಬರ್ ಬೇಡ, ಪುಡಿ ಊದುವುದು ಬೇಡ. ಈ ಯಂತ್ರವನ್ನು ನನ್ನಂಥವಳಿಗೆಂದೇ ಮಾಡಿದ್ದಾರೆ ಎನಿಸಿತು. ನನ್ನ ಬೆರಳು ಓಡತೊಡಗಿದವು. ಚಂದ್ರಬಂಡ, ಕವಿತಾಳ ಎಂದು ಹಳ್ಳಿಗಳ ಮೇಲೆ ಹಳ್ಳಿ. ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲಿ ಹೊಡೆಯಬೇಕಿತ್ತು. ಕವಿತಾಳಕ್ಕೆ ಕೊನೆಯಲ್ಲಿ ಒಂದು ‘ಎಲ್’ ಹಾಕಬೇಕೋ ಎರಡೋ ಎಂದು ಉಳಿದವರು ಚರ್ಚೆ ಮಾಡುತ್ತಿದ್ದಾಗ ನಾನು ಮೂರು ಹಳ್ಳಿ ದಾಟಿರುತ್ತಿದ್ದೆ. ಸಾಹೇಬರು ನನ್ನ ಹಿಂದೆ ಬಂದು ನಿಂತು, “ಯಾವ ಊರ್ರಿ ನಿಮ್ದು?” ಎಂದರು. “ದೇವದುರ್ಗ ಸರ್,” ಎಂದೆ, ಮಾನ್ವಿಗೆ ಕೇಳುವಷ್ಟು ಗಟ್ಟಿಯಾಗಿ.

ಅವಳು ಪಕ್ಕದ ಕಂಪ್ಯೂಟರಿನಲ್ಲಿ ತನ್ನ ಹಳೆಯ ರೀತಿಯಲ್ಲೇ, ಅಳಿಸಲಾಗದ ಕಾರ್ಡಿಗೆ ತೂತು ಹೊಡೆಯುತ್ತಿರುವವಳಂತೆ ಒಂದೊಂದೇ ಕೀ ಒತ್ತುತ್ತಿದ್ದಳು. ನಾಲ್ಕು ಸಾಲಿಗೊಮ್ಮೆ ನಿಲ್ಲಿಸಿ ಏನೋ ಒತ್ತಿ ಫ್ಲಾಪಿ ಎಂಬ ಚಪ್ಪಟೆ ತಟ್ಟೆಗೆ ಇಳಿಸುತ್ತಿದ್ದಳು. “ನೀವೂ ಇಳಿಸ್ಕೋತ ಹೋಗ್ರಿ,” ಎಂದು ಎರಡು ಸಲ ಹೇಳಿದಳು. ನನ್ನ ಓಟಕ್ಕೆ ಅಡ್ಡಗಾಲು ಹಾಕುತ್ತಿದ್ದಾಳೆ ಎಂದುಕೊಂಡೆ.

ಊಟದ ಹೊತ್ತಿಗೆ ಸ್ವಲ್ಪ ಮುಂಚೆ ಕರೆಂಟ್ ಹೋಯಿತು.

ಪರದೆಗಳೆಲ್ಲ ಒಂದೇ ಸಲ ಕಪ್ಪಾದವು. ಕರೆಂಟ್ ಬಂದ ಮೇಲೆ ನೋಡಿದರೆ ಬೆಳಗಿನಿಂದ ನಾನು ತುಂಬಿದ ಹಳ್ಳಿಗಳಲ್ಲಿ ಒಂದೂ ಇರಲಿಲ್ಲ. ಬೋರ್‌ವೆಲ್ ಇಲ್ಲ, ಶಾಲೆ ಇಲ್ಲ, ಕವಿತಾಳವೂ ಇಲ್ಲ. ಮಾನ್ವಿಯದು ಕೊನೆಯ ಒಂದೆರಡು ಸಾಲು ಮಾತ್ರ ಹೋಗಿತ್ತು. ಸಾಹೇಬರು ಬೈಯಲಿಲ್ಲ. ನಕ್ಕು, “ಇಷ್ಟ್ ಜಲ್ದಿ ಹೋಗಿ ಎಲ್ಲಿಗೂ ಹೋಗಲಿಲ್ಲ ನೋಡ್ರಿ,” ಎಂದು ಊಟಕ್ಕೆ ಹೋದರು. ಬೈದಿದ್ದರೆ ಚೆನ್ನಾಗಿತ್ತು.

ಎಲ್ಲರೂ ಹೋದ ಮೇಲೆ ಮಾನ್ವಿ ತನ್ನ ಕುರ್ಚಿ ಎಳೆದುಕೊಂಡು ನನ್ನ ಪಕ್ಕ ಕೂತಳು. “ಹೂಂ, ನಾ ಓದ್ತೀನಿ, ನೀ ಹೊಡಿ,” ಎಂದಳು. ಮೇಡಂ, ರ್ರಿ ಯಾವುದೂ ಇರಲಿಲ್ಲ.

“ಊಟಾ ಮಾಡು ಹೋಗು.”

“ಹೊಡಿಬೇ ಸುಮ್ನ.”

ಅವಳು ಓದಿದಳು, ನಾನು ಹೊಡೆದೆ. ನಾನು ತಪ್ಪಿದರೆ ಅವಳು ಓದು ನಿಲ್ಲಿಸಿ ಪರದೆ ನೋಡುತ್ತಿದ್ದಳು; ನಾನು ಅಳಿಸುತ್ತಿದ್ದೆ; ಮತ್ತೆ ಓದುತ್ತಿದ್ದಳು. ಅವಳೇ ಕೈ ಚಾಚಿ ಆಗಾಗ ಫ್ಲಾಪಿಗೆ ಇಳಿಸುತ್ತಿದ್ದಳು. ಇಳಿಬಿಸಿಲಿನ ಹೊತ್ತಿಗೆ ಕಳೆದುಹೋದ ಹಳ್ಳಿಗಳೆಲ್ಲ ಸಿಕ್ಕವು. ಡಬ್ಬಿ ಬಿಚ್ಚಿ ಇಬ್ಬರೂ ತಣ್ಣಗಾದ ರೊಟ್ಟಿ, ಶೇಂಗಾ ಚಟ್ನಿ ತಿನ್ನುವಾಗ ಅವಳು ಹೇಳಿದಳು:

“ಹೈದರಾಬಾದಿನಾಗ ಇದ್ದಾಗ ನಿನ್ ನೆನಪು ಆದ್ರ ನನಗ ಹೊಟ್ಟಿ ಉರೀತಿತ್ತು ಗೊತ್ತೇನು? ನಾನು ಥಂಡ್ಯಾಗ ಎಮ್ಮಿ ಅಂಕಿ ಹೊಡ್ಕೋತ ಕೂತಿದ್ದೆ, ನೀ ಊರಾಗ ಅವ್ವನ ಕೈಲಿ ಉಣ್ತಿದ್ದಿ.”

ನಾನು ನಂಬಲಿಲ್ಲ. ನನ್ನನ್ನು ಸಮಾಧಾನ ಮಾಡಲು ಹೇಳುತ್ತಿದ್ದಾಳೆ ಎಂದುಕೊಂಡೆ. ಈಗಲೂ ಪೂರ್ತಿ ನಂಬಿಲ್ಲ. ಹೊಟ್ಟೆಕಿಚ್ಚಿನಲ್ಲಿ ಕೂಡ ಅವಳು ನನ್ನ ಸಮಕ್ಕೆ ಬರುವುದು ನನಗೆ ಬೇಕಿರಲಿಲ್ಲವೇನೋ.

ಆಮೇಲೆ ನನ್ನನ್ನು ರಾಯಚೂರಿನ ಆ ಕಚೇರಿಗೇ ಹಾಕಿಕೊಂಡರು. ಅವಳು ಓದುವುದು, ನಾನು ಹೊಡೆಯುವುದು, ಎಂಬತ್ತರ ದಶಕದ ಕೊನೆಯ ತನಕ ಹಾಗೆಯೇ ನಡೆಯಿತು. ಮೊದಲು ಬರೀ ಎಣಿಸುತ್ತಿದ್ದ ಯಂತ್ರ ಈಗ ಪತ್ರ ಬರೆಯುತ್ತಿತ್ತು, ಒಂದು ಹಳ್ಳಿಯ ಹೆಸರು ಕೇಳಿದರೆ ಹುಡುಕಿ ಕೊಡುತ್ತಿತ್ತು. ಸಾಹೇಬರ ಮಗ ಒಂದು ಭಾನುವಾರ ಬಂದು ಅದರಲ್ಲಿ ಕಾರು ಓಡಿಸುವ ಆಟ ಆಡಿ ಹೋದ. ಮಾನ್ವಿಗೆ ಅದು ಸರಿಬರಲಿಲ್ಲ. ದೇವರ ಕೋಣೆಯಲ್ಲಿ ಗೋಲಿ ಆಡಿದಂತೆ ಆಯಿತು ಎಂದಳು.

ಅವಳಿಗೆ ಇನ್ನೂ ದೊಡ್ಡ ಆಘಾತ ಸ್ಟೇಷನ್ ರಸ್ತೆಯಲ್ಲಿ ಕಾದಿತ್ತು. ಮಿರ್ಚಿ ಭಜಿ ಬಂಡಿಯ ಪಕ್ಕದಲ್ಲಿ, ಅಂಗಡಿಯ ಮುಂದಿನ ಕಟ್ಟೆಯ ಮೇಲೆ, ಧೂಳು ಹೊಗೆಯ ನಡುವೆ ಒಬ್ಬಾತ ಕಂಪ್ಯೂಟರ್ ಇಟ್ಟುಕೊಂಡು ಕೂತಿದ್ದ. ‘ಕಂಪ್ಯೂಟರ್ ಜಾತಕ’ ಎಂದು ಬೋರ್ಡು. ಜನ ಮುಗಿಬಿದ್ದಿದ್ದರು.

“ಇದೇನಿದು, ಚಪ್ಪಲ್ ಸೈತ ಬಿಡಸವಲ್ಲ!” ಎಂದಳು ಮಾನ್ವಿ.

“ಬಾ, ತಗಸೋಣು,” ಎಂದೆ ನಾನು.

ನಮ್ಮ ಸರದಿ ಬಂದಾಗ ಆತ ಹುಟ್ಟಿದ ದಿನ ಕೇಳಿದ. ನಮ್ಮ ಕಾಲದಲ್ಲಿ ಅದನ್ನೆಲ್ಲ ಯಾರು ಬರೆದಿಟ್ಟಿರುತ್ತಾರೆ? ಶಾಲೆಗೆ ಸೇರಿಸುವಾಗ ಹೆಡ್‌ಮಾಸ್ತರು ಎಲ್ಲ ಮಕ್ಕಳಿಗೂ ಜೂನ್ ಒಂದು ಎಂದು ಬರೆದುಕೊಳ್ಳುತ್ತಿದ್ದರು. ನಾನು ಅದನ್ನೇ ಹೇಳಿದೆ. ಹುಟ್ಟಿದ ಹೊತ್ತು ಗೊತ್ತಿಲ್ಲವೆಂದರೆ, “ಸೂರ್ಯೋದಯ ಹಾಕ್ತೀನಿ ಬಿಡ್ರಿ,” ಎಂದು ಆತನೇ ಹಾಕಿದ. ಪ್ರಿಂಟರ್ ಕಿರ್ರನೆ ಕೂಗುತ್ತ ಉದ್ದನೆಯ ಕಾಗದ ಕಕ್ಕಿತು. ಅಲ್ಲೇ ಓದಿದೆ. ಕೈ ಹಾಕಿದ ಕೆಲಸದಲ್ಲಿ ಕೀರ್ತಿ. ಅಧಿಕಾರಿಗಳ ಮೆಚ್ಚುಗೆ. ಸಮುದ್ರ ದಾಟಿ ವಿದೇಶ ಪ್ರಯಾಣ.

ನನ್ನ ಎದೆ ಹಿಗ್ಗಿತು. ಸುಳ್ಳೆಂದು ಗೊತ್ತಿದ್ದೂ ಹಿಗ್ಗಿತು. ಮಾನ್ವಿ ಹೈದರಾಬಾದಿಗೆ ಹೋಗಿದ್ದಳು ಅಷ್ಟೇ. ನಾನು ಸಮುದ್ರ ದಾಟುವವಳು! ಅವಳ ಸರದಿ ಬರಲಿ, ಇವಳಿಗೆ ಏನು ಬರುತ್ತದೋ ನೋಡೋಣ ಎಂದು ಕಾದೆ.

ಅವಳ ಕಾಗದ ಬಂತು. ಓದುತ್ತ ಓದುತ್ತ ಅವಳು ನಗತೊಡಗಿದಳು, ಕಣ್ಣಲ್ಲಿ ನೀರು ಬರುವಷ್ಟು. ನನ್ನ ಕೈಗೆ ಕೊಟ್ಟಳು. ಕೀರ್ತಿ. ಅಧಿಕಾರಿಗಳ ಮೆಚ್ಚುಗೆ. ಸಮುದ್ರ ದಾಟಿ ವಿದೇಶ ಪ್ರಯಾಣ. ಅವಳ ಹೆಡ್‌ಮಾಸ್ತರೂ ಅದೇ ವರ್ಷದ ಜೂನ್ ಒಂದನ್ನೇ ಬರೆದಿದ್ದರು. ಸೂರ್ಯ ಇಬ್ಬರಿಗೂ ಒಂದೇ ಹೊತ್ತಿಗೆ ಹುಟ್ಟಿದ್ದ. ಮೇಲಿನ ಹೆಸರೊಂದು ಬಿಟ್ಟರೆ ಅಕ್ಷರಕ್ಕೆ ಅಕ್ಷರ ಒಂದೇ.

“ವಿಮಾನದಾಗ ಕಿಟಕಿ ಕಡಿಗಿ ನೀನೇ ಕೂಡಬೇ,” ಎಂದು ಅವಳು ನಕ್ಕಳು. ಭಜಿ ಬಂಡಿಯವನೂ ನಕ್ಕ. ನನಗೆ ನಗು ಬರಲಿಲ್ಲ. ಇಲ್ಲದ ವಿದೇಶವಾದರೂ ನನ್ನೊಬ್ಬಳದೇ ಇರಬೇಕಿತ್ತು.

ಆ ಶನಿವಾರ ಊರಿಗೆ ಹೋದಾಗ ಅವ್ವನಿಗೆ ಓದಿ ಹೇಳಿದೆ. ಅಣ್ಣನ ಮಕ್ಕಳ ಅಂಗಿಗೆ ಗುಂಡಿ ಹಚ್ಚುತ್ತ ಕೂತಿದ್ದವಳು ಕೆಲಸ ನಿಲ್ಲಿಸಿ ಕೇಳಿದಳು. ಸಮುದ್ರದ ಮಾತು ಬಂದಾಗ ನನ್ನ ತಲೆ ಸವರಿದಳು. ಆಮೇಲೆ ಕನ್ನಡಕ ಸರಿಮಾಡಿಕೊಂಡು, “ಮಾನ್ವಿ ಹುಡುಗಿದು ಏನ್ ಬಂತು?” ಎಂದಳು.

“ಆಕಿ ತಗಸಲಿಲ್ಲವ್ವಾ,” ಎಂದೆ.

“ಯಾಕ? ತಗಸಬೇಕಿತ್ತು. ಆಕಿದು ಭಾಳ ಚಲೋ ಬರ್ತಿತ್ತು,” ಎಂದಳು ಅವ್ವ, ಮತ್ತೆ ಗುಂಡಿ ಹಚ್ಚತೊಡಗಿದಳು.